ಗಾಳಿಯ ಹಂಗು ಬಿಟ್ಟ ಹಾಯಿದೋಣಿ

ಇನ್ನು ಮುಂದೆ ಗಾಳಿಯ ಹಂಗಿನಲ್ಲಿ ಬಾಳುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿದ್ದು ನಮ್ಮ ಮನೆಯ ಜಗಲಿಯ ಮೇಲೆ, ಎಡಗೈಯಲ್ಲಿ ಕಾಫಿಯ ಲೋಟ ಹಿಡಿದು, ಬಲಗೈಯನ್ನು ಆಕಾಶಕ್ಕೆ ಎತ್ತಿ. ದೇವತೆಗಳು ಹೂಮಳೆ ಸುರಿಸಬೇಕಾದ ಗಳಿಗೆ. ಅವರು ಸುರಿಸಲಿಲ್ಲ. ಒಳಗಿನಿಂದ ನನ್ನ ಹೆಂಡತಿ ವೀರಮ್ಮ, “ಕೈ ಇಳಿಸ್ರಿ, ಕಾಫಿ ಚೆಲ್ತೈತೆ” ಎಂದಳು.

ಹೊಸದುರ್ಗದ ಸೀಮೆಯ ಒಬ್ಬ ನಿವೃತ್ತ ಕನ್ನಡ ಮೇಷ್ಟರಿಗೂ ಗಾಳಿಗೂ ಅದೇನು ವ್ಯವಹಾರ ಎಂದು ನೀವು ಕೇಳಬಹುದು. ರಾಗಿ ತೂರುವ ದಿನ ಬಿಟ್ಟರೆ ನಮ್ಮ ಕಡೆ ಗಾಳಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ಮಾತ್ರ ತೆಗೆದುಕೊಳ್ಳಲೇಬೇಕಿತ್ತು. ಏಕೆಂದರೆ ನನ್ನಲ್ಲಿ ಒಂದು ಹಾಯಿದೋಣಿ ಇತ್ತು!

ಅದು ಬಂದದ್ದು ಹೀಗೆ. ಬೆಂಗಳೂರಿನ ಒಬ್ಬ ಶ್ರೀಮಂತರು ಮಾರಿಕಣಿವೆಯ ಹಿನ್ನೀರಿನಲ್ಲಿ ದೋಣಿವಿಹಾರದ ಕ್ಲಬ್ಬು ಕಟ್ಟುತ್ತೇನೆಂದು ಹೊರಟು, ಎಲ್ಲಿಂದಲೋ ಒಂದು ಚಿಕ್ಕ ಹಾಯಿದೋಣಿಯನ್ನು ಲಾರಿಯಲ್ಲಿ ತಂದು ನಮ್ಮೂರ ದಂಡೆಗೆ ಇಳಿಸಿದರು. ಮರು ಬೇಸಿಗೆಯಲ್ಲಿ ನೀರು ಹಿಂದೆ ಸರಿಯಿತು, ಶ್ರೀಮಂತರೂ ಹಿಂದೆ ಸರಿದರು. ದೋಣಿ ಮಾತ್ರ ಜಾಲಿ ಮರದ ಕೆಳಗೆ ಉಳಿಯಿತು. ನಾನು ಒಂದು ಡಬ್ಬಿ ತುಪ್ಪ ಮತ್ತು ಎರಡು ಚೀಲ ಈರುಳ್ಳಿಯನ್ನು ಬೆಂಗಳೂರಿಗೆ ಮುಟ್ಟಿಸಿ ಅದನ್ನು ನನ್ನದಾಗಿಸಿಕೊಂಡೆ. ನೀರು ಮತ್ತೆ ಏರಿ ಬಂದಾಗ ಅದಕ್ಕೆ ‘ಜಲವಿಹಾರಿಣಿ’ ಎಂದು ನಾಮಕರಣ ಮಾಡಿ, ದುಂಡಗಿನ ಅಕ್ಷರಗಳಲ್ಲಿ ಬರೆಸಿದೆ. ವೀರಮ್ಮ ಅದನ್ನು ಒಮ್ಮೆ ಸುತ್ತು ಹಾಕಿ ನೋಡಿ, “ದನಕ್ಕೆ ಮುಸುರೆ ಹಾಕೋ ಬಾನಿ ಇದ್ದಂಗೈತೆ” ಎಂದಳು. ಊರಿಗೆಲ್ಲ ಅದು ‘ಮೇಷ್ಟ್ರ ಬಾನಿ’ ಎಂದೇ ಹೆಸರಾಯಿತು. ಬರೆಸಿದ ಹೆಸರನ್ನು ಓದಿದವನು ನಾನೊಬ್ಬನೇ.

ವೀರಮ್ಮನ ತವರು ಹಿನ್ನೀರಿನ ಆಚೆ ದಂಡೆಯಲ್ಲಿತ್ತು. ನಮ್ಮ ಜಗಲಿಯಲ್ಲಿ ನಿಂತರೆ ಅಲ್ಲಿನ ತೆಂಗಿನ ಮರಗಳು ಕಾಣುತ್ತಿದ್ದವು. ಆದರೆ ಬಸ್ಸಿನಲ್ಲಿ ಹೋಗಬೇಕೆಂದರೆ ಹೊಸದುರ್ಗಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಕಾಯ್ದು, ಮತ್ತೆ ಕಾಯ್ದು, ಇಡೀ ನೀರನ್ನು ಬಳಸಿಕೊಂಡು ಹೋಗಬೇಕು. ಕಣ್ಣೆದುರಿನ ತವರಿಗೆ ಅರ್ಧ ದಿನದ ಪ್ರಯಾಣ! ದೋಣಿಯಿದ್ದರೆ ನೆಟ್ಟಗೆ ಹೋಗಬಹುದು ಎಂಬುದು ನನ್ನ ವಾದ. ವಾದ ಸರಿಯಾಗಿಯೇ ಇತ್ತು. ಗಾಳಿ ಸರಿಯಾಗಿರಲಿಲ್ಲ. ನಮ್ಮ ಮಾವನವರ ಶಿವಗಣಾರಾಧನೆಗೆ ಹೊರಟಾಗ ನಡುನೀರಿನಲ್ಲಿ ಗಾಳಿ ಬಿದ್ದುಹೋಗಿ, ನಾವು ಹುಟ್ಟು ಹಾಕುತ್ತ ದಡ ಸೇರುವ ಹೊತ್ತಿಗೆ ಎಂಜಲೆಲೆಗಳನ್ನು ಎತ್ತುತ್ತಿದ್ದರು. ಅಳಿಯನಿಗೆ ಸಿಕ್ಕಿದ್ದು ತಳ ಹಿಡಿದ ಪಾಯಸ. ಆ ಮಾತನ್ನು ವೀರಮ್ಮ ನನಗೆ ಪಾಯಸ ಮಾಡಿದ ದಿನವೆಲ್ಲ ನೆನಪಿಸುತ್ತಿದ್ದಳು.

ನಾನು ಪ್ರತಿಜ್ಞೆ ಮಾಡಿದ ವರ್ಷ ಎರಡು ಸಾವಿರದ ಇಸವಿಯ ಆಸುಪಾಸು. ಕಣಿವೆಯಲ್ಲಿ ಒಳ್ಳೆಯ ನೀರು ನಿಂತಿತ್ತು. ವೀರಮ್ಮನ ತಮ್ಮ ಏಕಾಂತಪ್ಪ ಆಚೆ ದಂಡೆಯಲ್ಲಿ, ನೀರಿಗೆ ಮುಖ ಮಾಡಿ, ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶ ಗೊತ್ತಾಗಿತ್ತು. ನಮ್ಮ ಕಡೆ ಹೊಸ ಮನೆಯಲ್ಲಿ ಮೊದಲ ಒಲೆ ಹಚ್ಚಿ ಹಾಲು ಉಕ್ಕಿಸುವ ಹಕ್ಕು ಮನೆಯ ಹೆಣ್ಣುಮಗಳದು. ಅಂದರೆ ವೀರಮ್ಮನದು. ಅದಕ್ಕಾಗಿ ಅವಳು ತಿಂಗಳ ಮೊದಲೇ ತನ್ನ ತಾಯಿ ಮದುವೆಯಲ್ಲಿ ಕೊಟ್ಟಿದ್ದ ಅಗಲ ತಳದ ಹಿತ್ತಾಳೆ ತಪ್ಪಲೆಯನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಮುಖ ನೋಡಿಕೊಳ್ಳುವಂತೆ ಮಾಡಿದ್ದಳು. ಅವ್ವನ ತಪ್ಪಲೆಯಲ್ಲಿ, ನಮ್ಮ ಹಸುವಿನ ಹಾಲನ್ನು, ತಮ್ಮನ ಮನೆಯಲ್ಲಿ ಉಕ್ಕಿಸಬೇಕು. ಇದಿಷ್ಟೇ ಅವಳ ಆಸೆ.

ಆದರೆ ಆ ಹಕ್ಕಿಗೆ ಇನ್ನೊಬ್ಬರ ಕಣ್ಣೂ ಬಿದ್ದಿತ್ತು. ಏಕಾಂತಪ್ಪನ ಹೆಂಡತಿಗೆ ಹೊಳಲ್ಕೆರೆಯಲ್ಲಿ ಮಲ್ಲಕ್ಕ ಎಂಬ ಅಕ್ಕ ಇದ್ದಳು. ಬಹಳ ಚುರುಕಿನ ಹೆಂಗಸು. ಯಾವ ಮನೆಯ ಕಾರ್ಯವಾದರೂ ಅಡುಗೆಮನೆಯ ಬೀಗದ ಕೈ ಅವಳ ಸೊಂಟದಲ್ಲಿರುತ್ತಿತ್ತು. “ಮುಹೂರ್ತಕ್ಕೆ ವೀರಮ್ಮಕ್ಕ ಬರೋದು ತಡ ಆದ್ರೆ ಏನೂ ಯೋಚ್ನೆ ಮಾಡ್ಬ್ಯಾಡ್ರಿ, ನಾನಿದೀನಿ” ಎಂದು ಅವಳು ಮೊದಲೇ ಧೈರ್ಯ ಹೇಳಿದ್ದಳಂತೆ. ಆ ಧೈರ್ಯದ ಮಾತು ನೀರು ದಾಟಿ ನಮ್ಮ ಮನೆಗೆ ಬಂದ ದಿನ ನಮ್ಮಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ.

“ಈ ಸಲ ಬಸ್ಸಿಗೇ ಹೋಗಾಣ. ಹಿಂದಿನ ದಿನವೇ ಹೋಗಾಣ” ಎಂದಳು ವೀರಮ್ಮ.

“ಹಿಂದಿನ ದಿನ ಹೋದರೆ ಹಸು ಕರೆಯುವವರು ಯಾರು? ನಿನಗೆ ಅಂದಿನ ಹಾಲೇ ಬೇಕಲ್ಲ” ಎಂದೆ. ಅದೇ ಗಳಿಗೆಯಲ್ಲಿ ನಾನು ಜಗಲಿಗೆ ಬಂದು, ಆಗಲೇ ಹೇಳಿದ ಪ್ರತಿಜ್ಞೆಯನ್ನು ಮಾಡಿದ್ದು. ದೋಣಿಗೆ ಮೋಟಾರು ಕೂರಿಸುವುದು! ಬ್ಯಾಟರಿಯಿಂದ ಓಡಿಸುವುದು! ಗಾಳಿ ಬಂದರೆಷ್ಟು, ಬಿಟ್ಟರೆಷ್ಟು!

“ಗಾಳಿ ಏನ್ ಮಾಡೈತ್ರಿ ನಿಮಗೆ? ಪಾಪ, ತನ್ನ ಪಾಡಿಗೆ ತಾನು ಬೀಸ್ತೈತೆ” ಎಂದಳು ಅವಳು.

ಜಲವಿಹಾರಿಣಿಯಲ್ಲಿ ಆಗಲೇ ಒಂದು ಬ್ಯಾಟರಿ ಇತ್ತು, ನಿಜ. ಸ್ಕೂಟರಿನ ಬ್ಯಾಟರಿ. ಬೆಲ್ಲದ ಅಚ್ಚಿನಷ್ಟು ಗಾತ್ರ. ದೋಣಿಯ ಮೂಗಿನ ಮೇಲಿದ್ದ ಒಂದು ಬಲ್ಬನ್ನು ಉರಿಸುವುದೇ ಅದರ ಜೀವಮಾನದ ಸಾಧನೆ. ಆ ಬಲ್ಬು ಉರಿಯುತ್ತಿದೆಯೋ ಇಲ್ಲವೋ ಎಂದು ನೋಡಲು ನಾನು ಬೆಂಕಿಕಡ್ಡಿ ಗೀರುತ್ತಿದ್ದೆ. ಇಂಥ ದಾರಿದ್ರ್ಯವನ್ನು ಕಿತ್ತೊಗೆದು ಹೊಸ ವಿದ್ಯುತ್ ಸಾಮ್ರಾಜ್ಯವನ್ನು ಸ್ಥಾಪಿಸಲು ನಾನು ಹಿರಿಯೂರಿನ ಬಸ್ಸು ಹತ್ತಿದೆ.

ಹಿರಿಯೂರಿನ ಹೆದ್ದಾರಿಯ ಪಕ್ಕದಲ್ಲಿ ಲಾರಿಗಳ ವೈರಿಂಗ್ ಕೆಲಸ ಮಾಡುವ ಓಬಳೇಶಪ್ಪ ನನ್ನ ಹಳೆಯ ಶಿಷ್ಯ. ಪರೀಕ್ಷೆಯಲ್ಲಿ ಅವನು ಬರೆದ ಉತ್ತರಗಳಲ್ಲಿ ತಪ್ಪಿದ್ದರೂ ಸಂಕೋಚವಿರುತ್ತಿರಲಿಲ್ಲ. ಆ ಗುಣ ಅವನಲ್ಲಿ ಹಾಗೆಯೇ ಉಳಿದಿತ್ತು. ನಾನು ವಿಷಯ ಹೇಳುತ್ತಿದ್ದಂತೆ ಅವನು ಎರಡು ಲಾರಿ ಬ್ಯಾಟರಿಗಳನ್ನು ತಟ್ಟಿ ತೋರಿಸಿದ.

“ಲಾರಿ ಎಳೆಯೋ ಬ್ಯಾಟ್ರಿ ಸಾ ಇವು. ನಿಮ್ಮ ದೋಣಿ ಎಷ್ಟರದು? ಹೂವ ಎತ್ತಿದಂಗೆ ಎತ್ಕಂಡು ಹೋಗ್ತಾವೆ.”

ಲಾರಿಯನ್ನು ಎಳೆಯುವುದು ಡೀಸೆಲ್ಲೇ ಹೊರತು ಬ್ಯಾಟರಿಯಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಹೇಳಿದ ಅವನಿಗೂ ಹೊಳೆಯಲಿಲ್ಲ. ಗುರುಶಿಷ್ಯರಿಬ್ಬರೂ ಪರಸ್ಪರ ಮೆಚ್ಚಿಕೊಂಡು ಕೆಲಸ ಶುರು ಮಾಡಿದೆವು. ಯಾವುದೋ ಹಳೆಯ ಕಾರಿನ ರೇಡಿಯೇಟರ್ ಫ್ಯಾನಿನ ಮೋಟಾರು ಬಂತು. ಅದಕ್ಕೆ ತಗಡಿನ ರೆಕ್ಕೆಗಳು ಬಂದವು. ಜೊತೆಗೆ, ಇದ್ದುದರಲ್ಲಿ ಇರಲಿ ಎಂದು ಲಾರಿಯಲ್ಲಿ ಡ್ರೈವರ್ ಮುಂದೆ ತಿರುಗುವ ಒಂದು ಚಿಕ್ಕ ಫ್ಯಾನು, ಒಂದು ಕ್ಯಾಸೆಟ್ ಪ್ಲೇಯರು, ಬಣ್ಣದ ಬಲ್ಬಿನ ಒಂದು ಸರ, ಮತ್ತು ಮೂರು ಸ್ವರದಲ್ಲಿ ಕೂಗುವ ಒಂದು ಹಾರನ್ನು!

ಬ್ಯಾಟರಿಗಳನ್ನು ಬಸ್ಸಿನಲ್ಲಿ ತರುವಾಗ ಕಂಡಕ್ಟರು ಅವನ್ನು ಮೇಲೆ ಹಾಕಲು ಒಪ್ಪಲಿಲ್ಲ. ಕೊನೆಯ ಸೀಟಿನಲ್ಲಿ ನಾನು ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಇಟ್ಟುಕೊಂಡು, ಅವಳಿಜವಳಿ ಮೊಮ್ಮಕ್ಕಳ ಅಜ್ಜನಂತೆ ತೊಡೆಯ ಮೇಲೆ ಒರಗಿಸಿಕೊಂಡು ಬಂದೆ. ಮರುದಿನ ವೀರಮ್ಮ ನನ್ನ ಪಂಚೆಯನ್ನು ಒಗೆದು ಹಿಂಡಿ ಕೊಡವಿದಳು. ಅದರ ಆಚೆಗೆ ಅವಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಆ್ಯಸಿಡ್ ಬಿದ್ದ ಬಟ್ಟೆ ಒಗೆಯುವ ತನಕ ಸುಮ್ಮನಿರುತ್ತದೆಂದು ನನಗೇನು ಗೊತ್ತು? ಅವಳು ಪಂಚೆಯನ್ನು ಬೈಯಲೂ ಇಲ್ಲ, ಎಸೆಯಲೂ ಇಲ್ಲ. ಮಡಿಚಿ ಅಡುಗೆಮನೆಗೆ ಒಯ್ದು, “ರಾಗಿ ಜರಡಿಗೆ ಆಗ್ತೈತೆ” ಎಂದಳು.

ಓಬಳೇಶಪ್ಪ ಊರಿಗೆ ಬಂದು ಎಲ್ಲವನ್ನೂ ಜೋಡಿಸಿಕೊಟ್ಟ. ದೋಣಿಯ ಎಡಕ್ಕೆ ಒಂದು ಬ್ಯಾಟರಿ, ಬಲಕ್ಕೆ ಒಂದು. ಎಡಗಡೆಯದು ಮೋಟಾರಿಗೆ. ಬಲಗಡೆಯದು ಫ್ಯಾನು, ಹಾಡು, ಬಲ್ಬು, ಹಾರನ್ನಿಗೆ. ಎಡಗಡೆಯದು ಸುಸ್ತಾದರೆ ಮೋಟಾರಿನ ತಂತಿಯನ್ನು ಬಿಚ್ಚಿ ಬಲಗಡೆಯದಕ್ಕೆ ಹಾಕಿಕೊಳ್ಳಬೇಕು. ಅದಕ್ಕೊಂದು ಸ್ಪ್ಯಾನರನ್ನು ನನ್ನ ಕೈಗಿತ್ತ. “ಮೇಲೆ ಏನೂ ಮುಚ್ಚಬ್ಯಾಡ್ರಿ ಸಾ, ಬ್ಯಾಟ್ರಿ ಉಸಿರಾಡ್ಬೇಕು” ಎಂದು ಹೇಳಿ ಹೋದ. ಹಾಗಾಗಿ ಎರಡೂ ಬ್ಯಾಟರಿಗಳು ತಮ್ಮ ಸೀಸದ ಕೊಂಬುಗಳನ್ನು ಮೇಲೆತ್ತಿಕೊಂಡು, ಗದ್ದುಗೆಯ ಮೇಲಿನ ಬಸವಣ್ಣಗಳಂತೆ ಕುಳಿತವು.

ಈ ನಡುವೆ ಏಕಾಂತಪ್ಪ ಬಂದು, ಚಪ್ಪರಕ್ಕೆ ಬಟ್ಟೆ ಸಾಲದೆಂದೂ, “ಭಾವ, ನಿಮ್ಮ ದೋಣಿ ಬಟ್ಟೆ ಅಗಲವಾಗೈತಲ್ಲ” ಎಂದೂ ರಾಗ ಎಳೆದ. ಹಾಯಿ! ಇನ್ನು ಮುಂದೆ ನನಗೆ ಅದೇಕೆ? “ತಗೊಂಡು ಹೋಗು” ಎಂದೆ. ಉದಾರತೆ ಒಮ್ಮೆ ಹತ್ತಿದರೆ ಇಳಿಯುವುದಿಲ್ಲ. ಚಪ್ಪರಕ್ಕೆ ನಡುಗಂಬ ಬೇಕಲ್ಲ ಎಂದು ಹಾಯಿಯ ಕಂಬವನ್ನೂ ಕೊಟ್ಟೆ. ಮೂಲೆಗೆ ಆನಿಸಲು ಎರಡು ಹುಟ್ಟುಗಳನ್ನೂ ಕೊಟ್ಟೆ. ಏಕಾಂತಪ್ಪನಿಗೇ ಗಾಬರಿಯಾಗಿ, “ಭಾವ, ನೀವು ಹೆಂಗೆ ಬರ್ತೀರಿ?” ಎಂದ.

“ಹೇಗೆ ಬರುತ್ತೇನೆಂದು ದಡದಲ್ಲಿ ನಿಂತು ನೋಡು” ಎಂದೆ.

ಆ ಮಾತನ್ನು ಆಚೆ ದಡದ ಜನ ಅಕ್ಷರಶಃ ಪಾಲಿಸಿದರು, ಪುಣ್ಯಾತ್ಮರು.

ಗೃಹಪ್ರವೇಶದ ಬೆಳಿಗ್ಗೆ ನಾನು ಎರಡೂ ಬ್ಯಾಟರಿಗಳನ್ನು ಒರೆಸಿ, ಮೂರು ಪಟ್ಟೆ ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಹೂವಿಟ್ಟು, ಊದಿನಕಡ್ಡಿ ಬೆಳಗಿದೆ. ಹೊಸ ಪಂಚೆ ಉಟ್ಟಿದ್ದೆ. ವೀರಮ್ಮ ಹಾಲಿನ ತಪ್ಪಲೆಗೆ ತಟ್ಟೆ ಮುಚ್ಚಿ, ಬಿಳಿಯ ಬಟ್ಟೆ ಕಟ್ಟಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಳು. ಮುಹೂರ್ತದ ಹಾಲು, ನೆಲಕ್ಕೆ, ಕಾಲು ತುಳಿಯುವ ಜಾಗಕ್ಕೆ ಇಡುವಂತಿಲ್ಲ. ತೊಡೆಯ ಮೇಲಿಟ್ಟುಕೊಂಡೇ ಕುಳಿತಳು. ದಡದಲ್ಲಿ ನೆರೆದ ಊರವರಿಗೆ ನಾನು ಕೈ ಬೀಸಿ ಗುಂಡಿ ಒತ್ತಿದೆ.

ಗುರ್ರ್! ತಗಡಿನ ರೆಕ್ಕೆ ತಿರುಗಿತು. ಜಲವಿಹಾರಿಣಿ ಚಲಿಸಿದಳು!

ಸುಳ್ಳೇಕೆ ಹೇಳಲಿ, ಆ ಅರ್ಧ ದಾರಿಯ ಸುಖವನ್ನು ನಾನು ಇಂದಿಗೂ ಮರೆತಿಲ್ಲ. ಹಾಡು ಹಾಕಿದೆ. ಫ್ಯಾನು ಹಾಕಿದೆ. ಬಿಸಿಲಿನಲ್ಲೇ ಬಣ್ಣದ ಬಲ್ಬುಗಳನ್ನೂ ಹಾಕಿದೆ. ಹಿಂದಿನಿಂದ ಒಳ್ಳೆಯ ಗಾಳಿ ಬೀಸುತ್ತಿತ್ತು. ಅದರ ಕಡೆ ತಿರುಗಿಯೂ ನೋಡಲಿಲ್ಲ. ವೀರಮ್ಮನ ಮುಂಗುರುಳು ಫ್ಯಾನಿನ ಗಾಳಿಗೆ ಹಾರುತ್ತಿತ್ತು. ಅವಳು ಎಲ್ಲವನ್ನೂ ಒಮ್ಮೆ ನೋಡಿ, “ಪರವಾಗಿಲ್ಲ ಕಣ್ರಿ” ಎಂದಳು. ಇಡೀ ವೃತ್ತಿಜೀವನದಲ್ಲಿ ಯಾವ ಇನ್ಸ್‌ಪೆಕ್ಟರೂ ನನಗೆ ಇಷ್ಟು ದೊಡ್ಡ ಪ್ರಶಸ್ತಿ ಕೊಟ್ಟಿರಲಿಲ್ಲ.

ಅವಳ ಮಾತು ಮುಗಿಯಿತು. ಮೋಟಾರೂ ಮುಗಿಯಿತು.

ಮೊದಲು ಗುರ್ರ್ ಎನ್ನುತ್ತಿದ್ದುದು ಗೊರಗೊರ ಎಂದಿತು. ಆಮೇಲೆ ಉಗುಳು ನುಂಗಿದಂತೆ ಒಂದು ಸದ್ದು. ಆಮೇಲೆ ಅದೂ ಇಲ್ಲ. ಎಡಗಡೆಯ ಬ್ಯಾಟರಿ ವಿಭೂತಿ ಧರಿಸಿಕೊಂಡು ಲಿಂಗೈಕ್ಯವಾಗಿತ್ತು. ನಾವು ನಡುನೀರು ದಾಟಿದ್ದೆವು ನಿಜ. ಆಚೆ ದಡದ ಮನೆ, ಚಪ್ಪರ, ಓಡಾಡುವ ಜನ ಎಲ್ಲ ಕಾಣುತ್ತಿದ್ದರು. ಆದರೆ ದೋಣಿ ಅಲ್ಲೇ ನಿಂತು ನಿಧಾನವಾಗಿ ಸುತ್ತತೊಡಗಿತು.

“ಏನೂ ಹೆದರಬೇಡ. ತಂತಿಯನ್ನು ಬಲಗಡೆಯದಕ್ಕೆ ಹಾಕಿದರೆ ಆಯಿತು” ಎಂದು ನಾನು ಜೇಬಿಗೆ ಕೈ ಹಾಕಿದೆ. ಜೇಬಿನಲ್ಲಿ ವಿಭೂತಿಯ ಗಟ್ಟಿ ಇತ್ತು. ಸ್ಪ್ಯಾನರ್ ಇರಲಿಲ್ಲ. ಅದು ಜಗಲಿಯ ಮೇಲೆ, ಕಾಫಿ ಲೋಟದ ಪಕ್ಕದಲ್ಲಿ ಇದ್ದುದು ನನ್ನ ಮನಃಪಟಲದ ಮೇಲೆ ಸೊಗಸಾಗಿ ಮೂಡಿ ಬಂತು. ಬೆರಳಿನಿಂದ ತಿರುಗಿಸಿದೆ. ಹಲ್ಲಿನಿಂದ ಕಚ್ಚಲು ಹೋದೆ. ಓಬಳೇಶಪ್ಪ ನಟ್ಟುಗಳನ್ನು ಗುರುಭಕ್ತಿಯಿಂದ ಬಿಗಿದಿದ್ದ.

“ಹುಟ್ಟು ಹಾಕ್ರಿ” ಎಂದಳು ವೀರಮ್ಮ.

ನಾನು ಆಚೆ ದಡದ ಚಪ್ಪರದ ಎರಡು ಮೂಲೆಗಳನ್ನು ಕೈಯಲ್ಲಿ ತೋರಿಸಿದೆ.

“ಹಾಯಿನಾದ್ರೂ ಎತ್ರಿ. ಗಾಳಿ ಬರ್ತೈತಲ್ಲ.”

ನಾನು ಚಪ್ಪರದ ಮೇಲ್ಭಾಗವನ್ನು ತೋರಿಸಿದೆ. ನನ್ನ ಹಾಯಿ ಅಲ್ಲಿ ಆ ಗಾಳಿಗೆ ತುಂಬಿಕೊಂಡು ಉಬ್ಬಿ ನಿಂತಿತ್ತು. ಇನ್ನು ಸ್ವಲ್ಪ ಜೋರಾಗಿ ಬೀಸಿದ್ದರೆ ಏಕಾಂತಪ್ಪನ ಹೊಸ ಮನೆಯೇ ಹೊಳಲ್ಕೆರೆಯ ಕಡೆಗೆ ಹೊರಡುವಂತಿತ್ತು. ನಮ್ಮ ದೋಣಿಯ ಮುಕ್ಕಾಲು ಪಾಲು ಮುಹೂರ್ತಕ್ಕೆ ಮುಂಚೆಯೇ ಹೋಗಿ ಸೇರಿತ್ತು. ಉಳಿದ ಕಾಲು ಪಾಲಿನಲ್ಲಿ ನಾವಿಬ್ಬರು ಫ್ಯಾನಿನ ಗಾಳಿ ಸೇವಿಸುತ್ತ, ಹಾಡು ಕೇಳುತ್ತ ಕುಳಿತಿದ್ದೆವು. ಸಕಲ ಸೌಕರ್ಯಗಳೂ ಇದ್ದವು. ಚಲನೆಯೊಂದು ಇರಲಿಲ್ಲ.

ನನ್ನ ಕೊಡೆಯನ್ನು ಮಡಿಚಿ ನೀರು ತಳ್ಳಿ ನೋಡಿದೆ. ದೋಣಿ ಇನ್ನೂ ಚೆನ್ನಾಗಿ ಸುತ್ತಿತು. ಕೂಗಿದರೆ ಹಾಡಿನ ಅಬ್ಬರಕ್ಕೆ ನನಗೇ ಕೇಳಿಸಲಿಲ್ಲ. ಆಗ ಹಾರನ್ನಿನ ನೆನಪಾಯಿತು. ಒತ್ತಿದೆ. ಮೂರು ಸ್ವರಗಳೂ ಹಿನ್ನೀರಿನ ಮೇಲೆ ಮೊಳಗಿದವು. ದಡದ ಜನ ನಮ್ಮತ್ತ ತಿರುಗಿದರು. ಕೈ ಬೀಸಿದರು. ಮೇಷ್ಟರು ಮೆರವಣಿಗೆಯಲ್ಲಿ ಬರುತ್ತಿದ್ದಾರೆಂದು ತಿಳಿದ ಓಲಗದವರು, ತಾವೇನು ಕಡಿಮೆ ಎಂದು ಡೋಲು ಬಾರಿಸಿ ಉತ್ತರ ಕೊಟ್ಟರು. ನಾನು ಗಾಬರಿಯಿಂದ ಮತ್ತೆ ಒತ್ತಿದೆ. ಅವರು ಇನ್ನೂ ಹುರುಪಿನಿಂದ ಊದಿದರು. ನಾನು ‘ಕಾಪಾಡಿ’ ಎಂದಂತೆಲ್ಲ ಅವರು ‘ಭಲೆ’ ಎನ್ನುತ್ತಿದ್ದರು.

ಅಷ್ಟು ಹೊತ್ತು ತಾಳ್ಮೆಯಿಂದಿದ್ದ ವೀರಮ್ಮನ ಕಣ್ಣು ಚಪ್ಪರದ ಬಾಗಿಲಿಗೆ ಹೋಯಿತು. ಅಲ್ಲಿ ಹಸಿರು ರೇಷ್ಮೆ ಸೀರೆಯೊಂದು, ಕೈಯಲ್ಲಿ ಹೊಳೆಯುವ ಪಾತ್ರೆ ಹಿಡಿದು, ಒಳಗೂ ಹೊರಗೂ ಓಡಾಡುತ್ತಿತ್ತು.

“ಮಲ್ಲಕ್ಕ” ಎಂದಳು. ಅವಳ ದನಿ ಸಣ್ಣದಾಗಿತ್ತು. “ಅವಳು ಹಾಲು ಹಿಡ್ಕಂಡು ನಿಂತವಳೆ.”

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ನಮ್ಮ ವೀರಮ್ಮ ಬೈಯುವಾಗ ಬರೀ ಬಾಯಿ ಸಾಲದು. ಎರಡೂ ಕೈ ಬೇಕು. ಒಂದು ಕೈ ನನ್ನನ್ನು ತೋರಿಸಲು, ಇನ್ನೊಂದು ಹಣೆ ಚಚ್ಚಿಕೊಳ್ಳಲು. ತೊಡೆಯ ಮೇಲೆ ತಪ್ಪಲೆ ಇಟ್ಟುಕೊಂಡು ಈ ಕಾರ್ಯ ಆಗುವಂತಿರಲಿಲ್ಲ. ಕೆಳಗೆ ಇಡೋಣವೆಂದರೆ ಚಪ್ಪಲಿ, ನೀರು. ಇಡೀ ದೋಣಿಯಲ್ಲಿ ಎತ್ತರವಾದ, ಒಣಗಿದ, ವಿಭೂತಿ ಕುಂಕುಮ ಹಚ್ಚಿ ಹೂವಿಟ್ಟು ಮಡಿಯಾಗಿದ್ದ ಜಾಗ ಅವಳ ಪಕ್ಕದಲ್ಲೇ ಇತ್ತು. ಬಲಗಡೆಯ ಬ್ಯಾಟರಿ. ಅವಳು ಸೇವಂತಿಗೆಯನ್ನು ಪಕ್ಕಕ್ಕೆ ಸರಿಸಿ, ಅವ್ವನ ಹಿತ್ತಾಳೆ ತಪ್ಪಲೆಯನ್ನು ಅದರ ಮೇಲೆ ಭಕ್ತಿಯಿಂದ ಇಟ್ಟಳು.

ಎರಡು ಕೊಂಬುಗಳ ಮೇಲೆ ಅಗಲವಾದ ತಳ, ಒಲೆಯ ಗುಂಡುಗಳ ಮೇಲೆ ಕೂತಂತೆ, ಸರಿಯಾಗಿ ಕೂತಿತು.

ಚಟ್! ಎಂದು ನೀಲಿಯ ಮಿಂಚು ಹಾರಿತು. ವೀರಮ್ಮ ದೋಣಿಯ ಮೂಗಿಗೆ ಹಾರಿದಳು. ತಿರುಗುತ್ತಿದ್ದ ಫ್ಯಾನು ತೂಕಡಿಸಿತು. ಬಲ್ಬುಗಳು ಕೆಂಪಾದವು. ಇಂಪಾಗಿ ಹಾಡುತ್ತಿದ್ದ ಗಾಯಕಿಯ ದನಿ ಇಳಿಯುತ್ತ ಇಳಿಯುತ್ತ ಗಂಡಸಿನದಾಗಿ, ಆಮೇಲೆ ರಾಕ್ಷಸನದಾಗಿ, ಕೊನೆಗೆ ಹಸಿದ ಎಮ್ಮೆಯದಾಗಿ ನಿಂತುಹೋಯಿತು. ಹೊಗೆಯೊಡನೆ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ತಪ್ಪಲೆ ಬ್ಯಾಟರಿಗೆ ಕಚ್ಚಿಕೊಂಡು ಬಿಟ್ಟಿತ್ತು. ತಳದಿಂದ ಚುಂಯ್ ಎಂದು ಸದ್ದು ಬರುತ್ತಿತ್ತು.

“ತೆಗೀರಿ ಅದನ್ನ” ಎಂದಳು ಅವಳು.

“ನೀನು ಇಟ್ಟಿದ್ದು” ಎಂದೆ ನಾನು. ಕರೆಂಟಿನ ವಿಷಯದಲ್ಲಿ ನನಗೆ ಮೊದಲಿನಿಂದಲೂ ಹೆಂಗಸರಿಗೆ ಆದ್ಯತೆ ಎಂಬ ಭಾವನೆ.

ನಾವು ಹೀಗೆ ಚರ್ಚಿಸುತ್ತಿರುವಾಗ ತಪ್ಪಲೆಗೆ ಕಟ್ಟಿದ್ದ ಬಿಳಿಯ ಬಟ್ಟೆ ನಿಧಾನವಾಗಿ ಉಬ್ಬಿತು. ತಟ್ಟೆ ಎದ್ದು ನಿಂತಿತು. ಅದರ ಅಂಚಿನಿಂದ ಬೆಳ್ಳಗೆ, ನೊರೆನೊರೆಯಾಗಿ, ಹಾಲು ಉಕ್ಕಿ ಹರಿಯಿತು!

ಏನೇ ಹೇಳಿ, ಹುಟ್ಟಿದಂದಿನಿಂದ ಬಂದ ಸಂಸ್ಕಾರ. ಹಾಲು ಉಕ್ಕಿದ್ದನ್ನು ನೋಡಿದ ಕೂಡಲೇ ನಾವಿಬ್ಬರೂ ನಮಗರಿವಿಲ್ಲದೆ ಕೈ ಮುಗಿದಿದ್ದೆವು. ಯಾವ ದಿಕ್ಕಿಗೆ ಉಕ್ಕಿತೆಂದು ನೋಡುವುದೂ ಪದ್ಧತಿಯಷ್ಟೆ. ನೋಡಿದೆ. “ಲೇ, ಪೂರ್ವಕ್ಕೆ ಉಕ್ಕಿದೆ. ಬಹಳ ಶುಭ” ಎಂದೆ. ಅವಳು ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ಕನ್ನಡದಲ್ಲಿ ನಾನು ಕಲಿಸಿದ ಯಾವ ಛಂದಸ್ಸೂ ಸಾಲದು.

ಕೊಡೆಯ ಮರದ ಹಿಡಿಯಿಂದ ಹೊಡೆದು, ಮೀಟಿ, ತಪ್ಪಲೆಯನ್ನು ಬಿಡಿಸುವಷ್ಟರಲ್ಲಿ ಒಳಗೆ ಉಳಿದದ್ದು ಒಂದು ಲೋಟದಷ್ಟು ಹಾಲು. ತಳದಲ್ಲಿ ಎರಡು ಕಪ್ಪು ಮಚ್ಚೆ. ಅವ್ವನ ತಪ್ಪಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ವೀರಮ್ಮ ಆಚೆ ಮುಖ ಮಾಡಿ ಕುಳಿತಳು. ಅವಳು ಬೈಯುತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು, ಮತ್ತು ಆ ಬೆನ್ನಿನ ಆಚೆ ಹಸಿರು ರೇಷ್ಮೆ ಸೀರೆ.

ಹೊಗೆ ನೋಡಿದ ಮೇಲೆ ದಡದವರಿಗೆ ಇದು ಮೆರವಣಿಗೆಯಲ್ಲ ಎಂದು ಅರ್ಥವಾಯಿತು. ಮೀನು ಹಿಡಿಯುವ ಗೊಲ್ಲಪ್ಪ ಹರಿಗೋಲಿನಲ್ಲಿ ಬಂದು, ಜಲವಿಹಾರಿಣಿಗೆ ದನ ಕಟ್ಟುವ ಹಗ್ಗ ಬಿಗಿದು ಎಳೆಯತೊಡಗಿದ. ದಾರಿಯಲ್ಲಿ ಒಮ್ಮೆ ತಿರುಗಿ, ದೋಣಿಯಲ್ಲಿ ಏನು ಇಟ್ಟಿದ್ದೀರಿ ಮೇಷ್ಟ್ರೇ, ಬಂಡೆ ಎಳೆದಂತಾಗುತ್ತಿದೆ ಎಂದು ಕೇಳಿದ. ವಿದ್ಯುತ್ ಸಾಮ್ರಾಜ್ಯ ಎಂದು ನಾನು ಹೇಳಲಿಲ್ಲ.

ದಡ ಮುಟ್ಟಿದಾಗ ಇಡೀ ಚಪ್ಪರ ನೀರಿನಂಚಿಗೆ ಬಂದು ನಿಂತಿತ್ತು. ಚಪ್ಪರವೆಂದರೆ ಅದರೊಳಗಿನ ಜನ. ನನ್ನ ಹೊಸ ಪಂಚೆಯ ಮೇಲೆ ಬ್ಯಾಟರಿಯ ತುಂತುರು ಬಿದ್ದಿತ್ತು. ನೀರಿಗಿಳಿದ ಕೂಡಲೇ ಅದು ತನ್ನ ಗುಣ ತೋರಿಸಿತು. ನಾನು ಬೀಗರೆದುರು ಕೊಡೆಯನ್ನು ಬಿಚ್ಚಿ, ತಲೆಯ ಮೇಲೆ ಹಿಡಿಯದೆ ಮೊಣಕಾಲಿನ ಮುಂದೆ ಹಿಡಿದುಕೊಂಡು ನಡೆದೆ. ವೀರಮ್ಮ ಯಾರನ್ನೂ ನೋಡದೆ ತಪ್ಪಲೆಯೊಂದಿಗೆ ಸೀದಾ ಒಳಗೆ ನುಗ್ಗಿದಳು. ನಾನು ಹಿಂದೆಯೇ ಹೋದೆ.

ಹೊಸ ಅಡುಗೆಮನೆಯಲ್ಲಿ ಒಲೆ ಇತ್ತು. ಸೌದೆ ಜೋಡಿಸಿತ್ತು. ಬೆಂಕಿ ಇರಲಿಲ್ಲ. ಒಲೆಯ ಮುಂದೆ ಏಕಾಂತಪ್ಪ ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಚಕ್ಕಂಬಕ್ಕಲ ಹಾಕಿ ಕುಳಿತಿದ್ದ. ಪಕ್ಕದಲ್ಲಿ ಮಲ್ಲಕ್ಕ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಪೂಜೆ ಮಾಡಿಸಲು ಬಂದ ಅಯ್ಯನವರು ಗಡಿಯಾರ ನೋಡುತ್ತಿದ್ದರು.

“ಮುಹೂರ್ತ ಮೀರ್ತೈತೆ ಅಂತ ಅಯ್ಯನೋರು ಬಡ್ಕಂಡ್ರು” ಎಂದಳು ಮಲ್ಲಕ್ಕ. “ನಾನೂ ಬಡ್ಕಂಡೆ. ಏಳವಲ್ಲ ಈ ಮಾರಾಯ. ಅಕ್ಕ ಬರೋತನಕ ಕಡ್ಡಿ ಗೀರಲ್ಲ ಅಂತ ಕುಂತವ್ನೆ.”

ವೀರಮ್ಮ ತಮ್ಮನನ್ನು ನೋಡಿದಳು. ಆಮೇಲೆ ತಪ್ಪಲೆಯನ್ನು ತೋರಿಸಿದಳು. “ಹಾಲು ಆಗ್ಲೇ ಉಕ್ಕಿ ಹೋತಪ್ಪ. ಅಲ್ಲೇ, ನೀರಾಗೆ” ಎಂದಳು. ಎಲ್ಲಿ, ಹೇಗೆ, ಯಾವುದರ ಮೇಲೆ ಎಂಬುದನ್ನು ಅವಳು ಸಭೆಗೆ ಸವಿಸ್ತಾರವಾಗಿ ನಿರೂಪಿಸಿದಳು. ನನ್ನ ಪ್ರತಿಜ್ಞೆಯಿಂದ ಹಿಡಿದು ಪಂಚೆಯ ಜರಡಿಯವರೆಗೆ ಯಾವುದನ್ನೂ ಬಿಡಲಿಲ್ಲ. ಕಥನ ಮುಂದುವರಿದಂತೆ ಮಲ್ಲಕ್ಕನ ಕೈಯ ಪಾತ್ರೆ ನಗುವಿಗೆ ಕುಲುಕತೊಡಗಿತು. ಕೊನೆಗೆ ಅವಳು ಗೋಡೆಗೆ ಒರಗಿ, ಕಣ್ಣೊರೆಸಿಕೊಂಡು, ತನ್ನ ಪಾತ್ರೆಯ ಹಾಲನ್ನೆಲ್ಲ ವೀರಮ್ಮನ ತಪ್ಪಲೆಗೆ ಸುರಿದುಬಿಟ್ಟಳು.

“ತಗಾ ಅಕ್ಕ, ಉಕ್ಕಿಸು. ಬ್ಯಾಟ್ರಿ ಮ್ಯಾಲೆ ಉಕ್ಸಿದೋಳಿಗೆ ಸೌದೆ ಒಲೆ ಯಾವ ಲೆಕ್ಕ?”

ಏಕಾಂತಪ್ಪ ಕಡ್ಡಿ ಗೀರಿದ. ಕಪ್ಪು ಮಚ್ಚೆಯ ತಪ್ಪಲೆ ಒಲೆ ಏರಿತು. ಮುಹೂರ್ತ ಮೀರುವ ಮೊದಲೇ ಹಾಲು ಎರಡನೆಯ ಸಲ ಉಕ್ಕಿತು. ವೀರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹೊಗೆ ಎಂದಳು.

ಎಲ್ಲವೂ ಸುಖಾಂತವಾಯಿತೆಂದು ನಾನು ಪಂಕ್ತಿಯಲ್ಲಿ ಕುಳಿತು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಆಗ ವೀರಮ್ಮ ಹೆಂಗಸರ ಪಂಕ್ತಿಯಿಂದ, ಎಲ್ಲರಿಗೂ ಕೇಳುವಂತೆ, ಅಯ್ಯನವರಿಗೆ ಒಂದು ಸಂದೇಹ ಒಡ್ಡಿದಳು.

“ಅಯ್ಯನೋರೆ, ಹಾಲುಕ್ಕಿದ ಮನೇನ ಅವತ್ತು ರಾತ್ರಿ ಖಾಲಿ ಬಿಡಬಾರ್ದು, ಯಜಮಾನ ಅಲ್ಲೇ ಮಲಗ್ಬೇಕು ಅಂತಾರಲ್ಲ, ಹೌದೇನ್ರಿ?”

“ಹೌದು ತಾಯಿ. ಅದು ನಡೆದು ಬಂದ ಪದ್ಧತಿ.”

“ಮತ್ತೆ ಮೊದ್ಲು ಹಾಲುಕ್ಕಿದ್ದು ದೋಣೀಲಿ. ಪೂರ್ವಕ್ಕೇ ಉಕ್ಕೈತೆ. ಯಜಮಾನ್ರೇ ನೋಡಿ ಹೇಳಿದ್ರು.”

ಪಂಕ್ತಿಯಲ್ಲಿ ಯಾರೂ ನನ್ನ ಪರವಾಗಿ ಬಾಯಿ ತೆರೆಯಲಿಲ್ಲ. ಎಲ್ಲರ ಬಾಯಲ್ಲೂ ಹೋಳಿಗೆ ಇತ್ತು. ಅಯ್ಯನವರು ಬಹಳ ಹೊತ್ತು ಯೋಚಿಸಿದಂತೆ ಮಾಡಿ, ಪದ್ಧತಿ ಎಂದ ಮೇಲೆ ಮನೆ ಚಿಕ್ಕದು ದೊಡ್ಡದು ಎಂಬ ಭೇದವಿಲ್ಲ ಎಂದು ತೀರ್ಪು ಕೊಟ್ಟರು. ಏಕಾಂತಪ್ಪ ಎದ್ದು ಹೋಗಿ ನನಗೆ ಒಂದು ಚಾಪೆ, ಒಂದು ಕಂಬಳಿ ತಂದಿಟ್ಟ. ಮಲ್ಲಕ್ಕ ಚಪ್ಪರದ ತೋರಣದಿಂದ ಒಂದು ಗೊಂಚಲು ಮಾವಿನೆಲೆಯನ್ನು ಕಿತ್ತು ದೋಣಿಯ ಮೂಗಿಗೆ ಕಟ್ಟಿಸಿದಳು.

ಹೀಗೆ ನಾನು ಅಂದು ಜಲವಿಹಾರಿಣಿಯಲ್ಲಿ, ಸತ್ತ ಎರಡು ಬ್ಯಾಟರಿಗಳ ನಡುವೆ, ಜರಡಿಯಾದ ಪಂಚೆಯ ಮೇಲೆ ಕಂಬಳಿ ಹೊದ್ದು, ತಲೆಯ ಮೇಲೆ ತೋರಣ ಕಟ್ಟಿಸಿಕೊಂಡು ಮಲಗಿದೆ. ಕಪ್ಪೆಗಳು ಓಲಗದವರ ಕೆಲಸವನ್ನು ಮುಂದುವರಿಸಿದ್ದವು. ಮಲಗಿ ಸ್ವಲ್ಪ ಹೊತ್ತಿಗೆ ದಡದಲ್ಲಿ ಬಳೆಯ ಸದ್ದಾಯಿತು. ವೀರಮ್ಮ ಒಂದು ಲೋಟ ಬಿಸಿ ಹಾಲು ತಂದಿದ್ದಳು. ಹಾಲು ಕೊಟ್ಟು, ದಡದ ಕಲ್ಲಿನ ಮೇಲೆ ಕುಳಿತು, ಬಹಳ ಮೃದುವಾಗಿ ಕೇಳಿದಳು:

“ಹೊಸ ಮನೆ ಹೆಂಗೈತ್ರಿ?”

ಇನ್ನೂ ಒಂದಿಷ್ಟು ಮಾನ ಉಳಿಸಿಕೊಳ್ಳೋಣ ಎಂದು ನಾನು ಗಂಭೀರವಾಗಿ, “ಚೆನ್ನಾಗಿದೆ. ಗಾಳಿ ಚೆನ್ನಾಗಿ ಬರುತ್ತಿದೆ” ಎಂದೆ.

“ಬೆಳಿಗ್ಗೆನೂ ಬರ್ತಿತ್ತು” ಎಂದಳು.